ತೊಟ್ಟಿ ಏಳುತ್ತಿಲ್ಲ ಅಂದ ಕೂಡಲೇ ಪಂಪ್ ಬಿಚ್ಚಬೇಡಿ: ಟಿಪ್ಪರ್ ಪಿಟಿಒ ದೋಷ ಹುಡುಕುವ ಬಗೆ

ಟಿಪ್ಪರ್ ತೊಟ್ಟಿ ಏಳಲಿಲ್ಲ ಎಂದರೆ ಮೊದಲು ಅಪವಾದ ಬರುವುದು ಪಂಪ್ ಮೇಲೆ. ಕ್ರಷರ್ ಹತ್ತಿರದ ಗ್ಯಾರೇಜುಗಳಲ್ಲಿ ಇದೇ ಮಾತು: "ಪಂಪ್ ಹೋಗಿದೆ ಅಣ್ಣಾ, ಹೊಸದು ಹಾಕ್ಸಿಬಿಡಿ." ಮಾಲೀಕರು ಹಾಕಿಸುತ್ತಾರೆ. ಆಮೇಲೂ ತೊಟ್ಟಿ ಅಲ್ಲೇ ಕೂತಿರುತ್ತದೆ. ಆಗ ವಾಲ್ವ್ ಬದಲಾಗುತ್ತದೆ, ಆಮೇಲೆ ಜಾಕಿ ಸೀಲ್. ಕೊನೆಗೆ ನೋಡಿದರೆ ಎಲ್ಲೋ ಒಂದು ಫ್ಯೂಸ್ ಸುಟ್ಟಿರುತ್ತದೆ, ಇಲ್ಲವೇ ಎಣ್ಣೆ ಟ್ಯಾಂಕಿನ ಮುಚ್ಚಳದಲ್ಲಿ ಧೂಳು ಕಟ್ಟಿರುತ್ತದೆ.

ಎಂಜಿನ್ನಿಂದ ತೊಟ್ಟಿಯವರೆಗೆ ಶಕ್ತಿ ಒಂದು ಸಾಲಿನಲ್ಲಿ ಸಾಗುತ್ತದೆ. ಎಂಜಿನ್, ಕ್ಲಚ್, ಗೇರ್ ಬಾಕ್ಸ್, ಪಿಟಿಒ (ಗೇರ್ ಬಾಕ್ಸಿನಿಂದ ಪಂಪಿಗೆ ಶಕ್ತಿ ಕೊಡುವ ಭಾಗ), ಪಂಪ್, ವಾಲ್ವ್, ಜಾಕಿ (ಎಣ್ಣೆಯ ಒತ್ತಡದಿಂದ ತೊಟ್ಟಿ ಎತ್ತುವ ಸಿಲಿಂಡರ್). ಇದರಲ್ಲಿ ಪಂಪ್ ಐದನೆಯದು. ಮೊದಲ ನಾಲ್ಕು ಸರಿಯಿವೆ ಎಂದು ನೋಡದೆ ಐದನೆಯದಕ್ಕೆ ಸ್ಪ್ಯಾನರ್ ಹಾಕಿದರೆ ಅದು ರಿಪೇರಿ ಅಲ್ಲ, ಜೂಜು.

ಪಿಟಿಒ ಮಾಡುವ ಕೆಲಸ ಏನು

ಪಿಟಿಒ ಎಂದರೆ ಪವರ್ ಟೇಕ್ ಆಫ್. ಗೇರ್ ಬಾಕ್ಸ್ ಒಳಗೆ ಲೇ ಶಾಫ್ಟ್ ಅಂತ ಒಂದಿದೆ. ಎಂಜಿನ್ ಓಡುತ್ತಿದ್ದು ಕ್ಲಚ್ ಬಿಟ್ಟಿದ್ದರೆ, ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದ್ದರೂ ಈ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಗೇರ್ ಬಾಕ್ಸ್ ಪಕ್ಕದಲ್ಲಿ ಕಂಪನಿಯವರೇ ಒಂದು ಕಿಂಡಿ ಬಿಟ್ಟು ಮುಚ್ಚಳ ಹಾಕಿರುತ್ತಾರೆ. ಆ ಮುಚ್ಚಳ ತೆಗೆದು ಅಲ್ಲಿ ಪಿಟಿಒ ಕೂರಿಸುವುದು. ಕೆಲವು ಗಾಡಿಗಳಲ್ಲಿ ಗೇರ್ ಬಾಕ್ಸ್ ಹಿಂಭಾಗದಲ್ಲಿ ಕೂರುತ್ತದೆ. ಲೇ ಶಾಫ್ಟಿನ ಗೇರಿಗೆ ಪಿಟಿಒ ಗೇರ್ ಹಲ್ಲು ಕೊಟ್ಟುಕೊಂಡು ತಿರುಗುತ್ತದೆ. ಪಕ್ಕಕ್ಕೆ ಕೂರುವ ಬಹಳಷ್ಟು ಪಿಟಿಒಗಳಲ್ಲಿ ಈ ಒಳಗಿನ ಗೇರ್ ಯಾವಾಗಲೂ ಸುತ್ತುತ್ತಿರುತ್ತದೆ. ಡ್ರೈವರ್ ಸ್ವಿಚ್ ಒತ್ತಿದಾಗ ಗಾಳಿಯ ಒತ್ತಡ ಒಂದು ಪಿಸ್ಟನ್ ತಳ್ಳಿ, ಸುತ್ತುವ ಗೇರನ್ನು ಹೊರಗಿನ ಶಾಫ್ಟಿಗೆ ಜೋಡಿಸುತ್ತದೆ. ಸ್ವಿಚ್ ತೆಗೆದರೆ ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುತ್ತದೆ. ಹಳೇ ಗಾಡಿಗಳಲ್ಲಿ ಇದನ್ನೇ ಲಿವರ್ ಮತ್ತು ಕೇಬಲ್ ಮಾಡುತ್ತಿದ್ದವು.

ಇಲ್ಲಿ ಒಂದು ವಿಷಯ ಚೆನ್ನಾಗಿ ನೆನಪಿರಲಿ. ಗೇರ್ ಬಾಕ್ಸಿನಿಂದ ಶಕ್ತಿ ತೆಗೆಯುವ ಪಿಟಿಒ ಕ್ಲಚ್ ನಂತರ ಬರುತ್ತದೆ. ಅಂದರೆ ಕ್ಲಚ್ ಒತ್ತಿದರೆ ಪಂಪ್ ನಿಲ್ಲುತ್ತದೆ. ಜಲ್ಲಿ ಹರಡಿಕೊಂಡು ಹೋಗುವಾಗ "ಜಾಕಿ ನಿಂತು ನಿಂತು ಏಳುತ್ತೆ" ಎಂದು ಹೇಳುವ ಹೊಸ ಡ್ರೈವರ್‌ಗಳ ಎಡಗಾಲನ್ನು ಗಮನಿಸಿ. ಅರ್ಧ ಕ್ಲಚ್‌ನಲ್ಲಿ ಗಾಡಿ ಉರುಳಿಸುತ್ತಿರುತ್ತಾರೆ. ಅದು ದೋಷವಲ್ಲ, ವ್ಯವಸ್ಥೆ ಇರುವುದೇ ಹಾಗೆ.

ಕೈ ಹಾಕುವ ಮೊದಲು

ಪರೀಕ್ಷೆ ಎಲ್ಲಾ ಖಾಲಿ ತೊಟ್ಟಿಯಲ್ಲಿ, ಸಮತಟ್ಟು ನೆಲದಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಟ್ಟೆ ಕೊಟ್ಟು ಮಾಡಿ. ತಲೆ ಮೇಲೆ ಕರೆಂಟ್ ತಂತಿ ಇದೆಯಾ ನೋಡಿ. ತೊಟ್ಟಿ ಎತ್ತಿದ ಮೇಲೆ ಆಸರೆ ಕಂಬ ನಿಲ್ಲಿಸದೆ ಕೆಳಗೆ ತಲೆ ಹಾಕಲೇಬೇಡಿ. ಜಾಕಿ ಹಿಡಿದಿದೆ ಎಂಬ ಧೈರ್ಯ ಬೇಡ. ಜಾಕಿಯನ್ನು ಹಿಡಿದಿರುವುದು ಒಂದು ಹೋಸ್ ಪೈಪ್, ಅಷ್ಟೇ. ಸುತ್ತುತ್ತಿರುವ ಶಾಫ್ಟ್ ಹತ್ತಿರ ಲುಂಗಿ, ಹೆಗಲ ಮೇಲಿನ ಟವೆಲ್, ಉದ್ದ ತೋಳಿನ ಅಂಗಿ ಯಾವುದೂ ಬೇಡ. ಗ್ರೀಸ್ ಹೊಡೆಯುವುದಿದ್ದರೆ ಎಂಜಿನ್ ಬಂದ್ ಮಾಡಿ ಕೀ ಜೇಬಿಗೆ ಹಾಕಿಕೊಂಡೇ ಹೊಡೆಯಿರಿ.

ಒತ್ತಡದ ಎಣ್ಣೆ ಸೋರುವುದನ್ನು ಕೈಯಿಂದ ಸವರಿ ಹುಡುಕುವವರಿದ್ದಾರೆ. ಸೂಜಿಯಷ್ಟು ತೂತಿನಿಂದ 150 ಬಾರ್‌ನಲ್ಲಿ ಬರುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಚಿಕ್ಕ ಚುಕ್ಕೆ ಕಾಣುತ್ತದೆ, ಒಳಗೆ ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಹಾಗೇನಾದರೂ ಚುಚ್ಚಿದರೆ ನೋವಿಲ್ಲ ಎಂದು ಸುಮ್ನೆ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೊದಲ ಪ್ರಶ್ನೆ: ಪಂಪ್ ತಿರುಗುತ್ತಿದೆಯಾ?

ಈ ಒಂದು ಪ್ರಶ್ನೆ ಅರ್ಧ ಕೆಲಸ ಮುಗಿಸುತ್ತದೆ. ತಿರುಗುತ್ತಿಲ್ಲ ಎಂದರೆ ದೋಷ ಪಂಪಿನ ಹಿಂದೆ: ವಿದ್ಯುತ್, ಗಾಳಿ, ಕ್ಲಚ್, ಪಿಟಿಒ. ತಿರುಗುತ್ತಿದೆ ಎಂದರೆ ಅಲ್ಲಿಂದ ಮುಂದೆ, ಎಣ್ಣೆಯ ಕಡೆ.

ಪಿಟಿಒದಿಂದ ಪಂಪ್‌ವರೆಗೆ ಚಿಕ್ಕ ಜಾಯಿಂಟ್ ಶಾಫ್ಟ್ ಇದ್ದರೆ ದೂರ ನಿಂತೇ ಕಣ್ಣಲ್ಲಿ ನೋಡಬಹುದು. ಪಂಪ್ ನೇರವಾಗಿ ಪಿಟಿಒ ಮೇಲೇ ಕೂತಿದ್ದರೆ ಶಾಫ್ಟ್ ಕಾಣುವುದಿಲ್ಲ. ಆಗ ಕಿವಿ ಬಳಸಿ. ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಪಂಪ್ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಒಳಗೆ ಕೂತವರಿಗೆ ಪಿಟಿಒ ಹಾಕಿ ತೆಗೆಯಲು ಹೇಳಿ. ಪಂಪ್ ತಿರುಗಿದರೆ ಸದ್ದು ಬದಲಾಗಲೇಬೇಕು. ಪಂಪಿನಿಂದ ಹೊರಟ ಹೋಸ್ ಮೇಲೂ ಸಣ್ಣ ನಡುಕ ಬರುತ್ತದೆ.

ಡ್ಯಾಶ್‌ಬೋರ್ಡಿನ ಪಿಟಿಒ ದೀಪ ನಂಬಬೇಡಿ. ಕೆಲವು ಗಾಡಿಗಳಲ್ಲಿ ಆ ದೀಪ ಪಿಟಿಒ ಮೇಲಿನ ಸೆನ್ಸರ್‌ನಿಂದ ಬರುತ್ತದೆ. ಅದು ಸ್ವಲ್ಪ ಮಟ್ಟಿಗೆ ಸತ್ಯ ಹೇಳುತ್ತದೆ. ಬಾಡಿ ಕಟ್ಟುವವರು ಆಮೇಲೆ ಹಾಕಿದ ಗಾಡಿಗಳಲ್ಲಿ ಬಹಳ ಸಲ ದೀಪದ ವೈರು ನೇರ ಸ್ವಿಚ್‌ನಿಂದಲೇ ಬಂದಿರುತ್ತದೆ. ಅಂಥ ದೀಪ ಹೇಳುವುದು "ನೀವು ಸ್ವಿಚ್ ಒತ್ತಿದ್ದೀರಿ" ಅಂತ ಮಾತ್ರ. ಅದು ನಮಗೇ ಗೊತ್ತಿದೆ ಅಲ್ವಾ?

ಪಂಪ್ ತಿರುಗುತ್ತಿಲ್ಲ

ಗಾಳಿ ಮೀಟರ್ ನೋಡಿ. 6 ಬಾರ್‌ಗಿಂತ ಕಡಿಮೆ ಇದ್ದರೆ ಮುಂದಿನ ಪರೀಕ್ಷೆ ಏನೂ ಬೇಡ, ಮೊದಲು ಗಾಳಿ ತುಂಬಲಿ. ಏರ್ ಬ್ರೇಕ್ ಗಾಡಿಗಳಲ್ಲಿ ಗಾಳಿ ಮೊದಲು ಬ್ರೇಕಿಗೆ ಹೋಗುತ್ತದೆ. ಪಿಟಿಒ, ಹಾರ್ನ್ ಮುಂತಾದವಕ್ಕೆ ಸಿಗುವುದು ಆಮೇಲೆ. ಬೆಳಗ್ಗೆ ಮೊದಲ ಟ್ರಿಪ್‌ನಲ್ಲಿ ಮಾತ್ರ ಪಿಟಿಒ ಹಿಡಿಯುವುದಿಲ್ಲ, ಹತ್ತು ನಿಮಿಷ ಬಿಟ್ಟರೆ ಹಿಡಿಯುತ್ತದೆ ಎನ್ನುವವರ ಗಾಡಿಯಲ್ಲಿ ರಾತ್ರಿಯೆಲ್ಲ ಎಲ್ಲೋ ಗಾಳಿ ಸೋರಿರುತ್ತದೆ.

ಗಾಳಿ ಸರಿ ಇದ್ದರೆ ಪಿಟಿಒಗೆ ಬರುವ ಸಣ್ಣ ಏರ್ ಪೈಪನ್ನು ಅದರ ತುದಿಯಲ್ಲಿ ಬಿಚ್ಚಿ. ಸ್ವಿಚ್ ಒತ್ತಿಸಿ. ಪೈಪಿನಿಂದ ಜೋರಾಗಿ ಗಾಳಿ ಬಂದರೆ ಸ್ವಿಚ್, ವೈರು, ಸೊಲೆನಾಯ್ಡ್ ವಾಲ್ವ್ (ಕರೆಂಟ್ ಬಂದಾಗ ಗಾಳಿ ಬಿಡುವ ವಾಲ್ವ್) ಮೂರೂ ಪಾಸ್. ದೋಷ ಪಿಟಿಒ ಒಳಗೆ, ಇಲ್ಲವೇ ಅದರಿಂದ ಪಂಪಿಗೆ ಹೋಗುವ ಜೋಡಣೆಯಲ್ಲಿದೆ. ಗಾಳಿ ಬರದಿದ್ದರೆ ಹಿಂದಕ್ಕೆ ನಡೆಯಿರಿ. ಈ ಒಂದು ಪರೀಕ್ಷೆಗೆ ಎರಡು ನಿಮಿಷ ಸಾಕು, ಪಿಟಿಒ ಇಳಿಸಲು ಅರ್ಧ ದಿನ ಬೇಕು. ಆದರೂ ಇದನ್ನು ಮಾಡುವವರು ಕಡಿಮೆ.

ಹಿಂದಕ್ಕೆ ನಡೆದರೆ ಮೊದಲು ಸಿಗುವುದು ಸೊಲೆನಾಯ್ಡ್. ಸ್ವಿಚ್ ಒತ್ತಿದಾಗ ಟಕ್ ಎನ್ನಬೇಕು. ಎನ್ನದಿದ್ದರೆ ಅದರ ಪ್ಲಗ್ ಬಿಚ್ಚಿ ಕರೆಂಟ್ ನೋಡಿ. ದೊಡ್ಡ ಟಿಪ್ಪರ್‌ಗಳಲ್ಲಿ 24 ವೋಲ್ಟ್. ಇಲ್ಲಿ ಮಲ್ಟಿಮೀಟರ್‌ಗಿಂತ 24 ವೋಲ್ಟಿನ ಬಲ್ಬ್ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಹಸಿರು ಕಿಲುಬು ಹಿಡಿದ ವೈರು ಮೀಟರಿಗೆ 24 ತೋರಿಸಿಬಿಡುತ್ತದೆ, ಏಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಬಲ್ಬ್ ಎಳೆಯುತ್ತದೆ. ವೈರು ಕೆಟ್ಟಿದ್ದರೆ ಮಂಕಾಗಿ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. ಬಲ್ಬಿನ ಒಂದು ತುದಿಯನ್ನು ಚಾಸಿಸ್‌ಗೆ ಕೊಟ್ಟಾಗ ಚೆನ್ನಾಗಿ ಉರಿದು, ಪ್ಲಗ್‌ನ ಅರ್ತ್ ಪಿನ್‌ಗೆ ಕೊಟ್ಟಾಗ ಮಂಕಾದರೆ ಅರ್ತ್ ಕೆಟ್ಟಿದೆ ಎಂದೇ ಲೆಕ್ಕ.

ಟಕ್ ಎನ್ನುತ್ತದೆ, ಗಾಳಿ ಮಾತ್ರ ಬರುವುದಿಲ್ಲ ಎಂದರೆ ವಾಲ್ವ್ ಒಳಗೆ ಕಸ ಇರಬಹುದು. ಏರ್ ಟ್ಯಾಂಕಿನ ನೀರು ಬಿಡದ ಗಾಡಿಗಳಲ್ಲಿ ಇದು ಜಾಸ್ತಿ. ನೀರು ಮತ್ತು ಕಂಪ್ರೆಸರ್ ಎಣ್ಣೆ ಸೇರಿ ಬೂದು ಬಣ್ಣದ ಅಂಟು ಕಟ್ಟಿಕೊಳ್ಳುತ್ತದೆ.

ಬಿಎಸ್6 ಗಾಡಿಗಳಲ್ಲಿ ಇನ್ನೊಂದು ಕಾರಣವಿದೆ. 2020ರ ಏಪ್ರಿಲ್ 1ರಿಂದ ಬಂದ ಈ ಗಾಡಿಗಳಲ್ಲಿ ಪಿಟಿಒ ಹಾಕಲು ಕಂಪ್ಯೂಟರ್ ಒಪ್ಪಬೇಕಾಗಬಹುದು. ಹ್ಯಾಂಡ್ ಬ್ರೇಕ್ ಹಾಕಿರಬೇಕು, ನ್ಯೂಟ್ರಲ್‌ನಲ್ಲಿರಬೇಕು, ಗಾಡಿ ನಿಂತಿರಬೇಕು ಎಂಬ ಷರತ್ತುಗಳಿರುತ್ತವೆ. ಯಾವ ಷರತ್ತು ಎಂಬುದು ಮಾಡೆಲ್ ಮೇಲೆ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಸ್ವಿಚ್ ಅಥವಾ ನ್ಯೂಟ್ರಲ್ ಸ್ವಿಚ್ ಕೆಟ್ಟರೂ ಪಿಟಿಒ ಹಿಡಿಯುವುದಿಲ್ಲ. ನ್ಯೂಟ್ರಲ್ ದೀಪ ಬರುತ್ತಿದೆಯಾ ನೋಡಿ. ಬೈಪಾಸ್ ವೈರು ಎಳೆದು ಕಂಪ್ಯೂಟರಿಗೆ ಮೋಸ ಮಾಡುವ ಕೆಲಸ ಬೇಡ. ರಸ್ತೆಯಲ್ಲಿ ಹೋಗುವಾಗ ಪಿಟಿಒ ಹಿಡಿದುಕೊಂಡರೆ ಪಂಪ್ ಸುಟ್ಟುಹೋಗುತ್ತದೆ. ಅದು ಪುಣ್ಯ ಚೆನ್ನಾಗಿದ್ದಾಗ. ಇಲ್ಲದಿದ್ದರೆ ತೊಟ್ಟಿ ಮೇಲೆದ್ದು ಸೇತುವೆಗೋ ತಂತಿಗೋ ಬಡಿಯುತ್ತದೆ.

ಗಾಳಿ ಪಿಟಿಒವರೆಗೆ ಬರುತ್ತಿದೆ, ಆದರೂ ಹಿಡಿಯುತ್ತಿಲ್ಲ. ಪೈಪ್ ಮತ್ತೆ ಜೋಡಿಸಿ, ಸ್ವಿಚ್ ಹಾಕಿ, ಗೇರ್ ಬಾಕ್ಸಿನ ಬ್ರೀದರ್ (ಒಳಗಿನ ಗಾಳಿ ಆಡಲು ಬಿಟ್ಟ ತೂತು) ಹತ್ತಿರ ಕೈ ಹಿಡಿಯಿರಿ. ಅಲ್ಲಿ ಗಾಳಿ ಬುಸುಗುಟ್ಟಿದರೆ ಪಿಟಿಒ ಪಿಸ್ಟನ್ನಿನ ರಿಂಗ್ ಹರಿದು ಗಾಳಿ ಗೇರ್ ಬಾಕ್ಸಿಗೆ ಹೋಗುತ್ತಿದೆ. ಇದನ್ನು ಹಾಗೇ ಬಿಟ್ಟರೆ ಗೇರ್ ಬಾಕ್ಸಿನಲ್ಲಿ ಒತ್ತಡ ಕಟ್ಟಿ ಅದರ ಆಯಿಲ್ ಸೀಲುಗಳೆಲ್ಲ ಸೋರಲು ಶುರುವಾಗುತ್ತವೆ. ಗೇರ್ ಬಾಕ್ಸ್ ಸೀಲ್ ಮೂರು ಸಲ ಬದಲಿಸಿದರೂ ಎಣ್ಣೆ ನಿಲ್ಲುತ್ತಿಲ್ಲ ಎಂದು ಬರುವ ಗಾಡಿಯಲ್ಲಿ ಪಿಟಿಒ ಇದ್ದರೆ, ನಾನು ಮೊದಲು ನೋಡುವುದು ಈ ಬ್ರೀದರನ್ನೇ.

ಹಾಕುವಾಗ ಕರಕರ ಎಂದು ಹಲ್ಲು ತಿಂದರೆ

ಕ್ಲಚ್ ಒತ್ತಿದ ಕೂಡಲೇ ಲೇ ಶಾಫ್ಟ್ ನಿಲ್ಲುವುದಿಲ್ಲ. ಐದಾರು ಸೆಕೆಂಡ್ ಬೇಕು. ಅಷ್ಟು ಕಾಯದೆ ಸ್ವಿಚ್ ಒತ್ತಿದರೆ ಸುತ್ತುವ ಹಲ್ಲು ನಿಂತ ಹಲ್ಲಿಗೆ ಬಡಿಯುತ್ತದೆ. ಕ್ಲಚ್ ಒತ್ತಿ, ಮನಸ್ಸಿನಲ್ಲೇ ಆರರವರೆಗೆ ಎಣಿಸಿ, ಆಮೇಲೆ ಪಿಟಿಒ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಿ.

ಕಾದರೂ ಕರಕರ ಎಂದರೆ ಪಿಟಿಒ ಬಿಚ್ಚಬೇಡಿ. ಅದೇ ರೀತಿ ಕಾದು ರಿವರ್ಸ್ ಗೇರ್ ಹಾಕಿ ನೋಡಿ. ರಿವರ್ಸ್ ಕೂಡ ಕರಕರ ಎಂದರೆ ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನನ್ನು ಪೂರ್ತಿ ಬಿಡುತ್ತಿಲ್ಲ. ಕ್ಲಚ್ ಸೆಟ್ಟಿಂಗ್ ಮಾಡಿಸಿ, ಬೂಸ್ಟರ್ ನೋಡಿ, ಕ್ಲಚ್ ಎಣ್ಣೆಯಲ್ಲಿ ಗಾಳಿ ಸೇರಿದೆಯಾ ನೋಡಿ. ರಿವರ್ಸ್ ಬೆಣ್ಣೆಯಂತೆ ಬಿದ್ದು ಪಿಟಿಒ ಮಾತ್ರ ಕರಕರ ಎಂದರೆ ಆಗ ಪಿಟಿಒ ಹಲ್ಲುಗಳ ಅಂಚು ಸವೆದಿದೆ ಎನ್ನಬಹುದು.

ಇದರ ಉಲ್ಟಾ ಕಷ್ಟವೂ ಇದೆ: ಸ್ವಿಚ್ ತೆಗೆದರೂ ಪಿಟಿಒ ಬಿಡುವುದಿಲ್ಲ. ಭಾರ ಇರುವಾಗ ಹಲ್ಲುಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಕ್ಲಚ್ ಒತ್ತಿ ಭಾರ ಇಳಿಸಿದರೆ ಬಿಡುತ್ತದೆ. ಆಗಲೂ ಬಿಡದಿದ್ದರೆ ಸೊಲೆನಾಯ್ಡ್ ವಾಲ್ವಿನ ಗಾಳಿ ಹೊರಹೋಗುವ ತೂತು ನೋಡಿ. ಕ್ರಷರ್ ಪುಡಿ ಅಲ್ಲಿ ಗಾರೆಯಂತೆ ಗಟ್ಟಿಯಾಗಿರುತ್ತದೆ. ಗಾಳಿ ಹೊರಹೋಗದಿದ್ದರೆ ಸ್ಪ್ರಿಂಗ್ ಎಳೆಯುವುದಾದರೂ ಹೇಗೆ? ತೂತು ಶುದ್ಧವಿದ್ದರೆ ಉಳಿದ ಅನುಮಾನ ಮುರಿದ ಸ್ಪ್ರಿಂಗ್ ಮೇಲೆ.

ಪಂಪ್ ತಿರುಗುತ್ತಿದೆ, ತೊಟ್ಟಿ ಏಳುತ್ತಿಲ್ಲ

ಎಣ್ಣೆ ನೋಡಿ. ತೊಟ್ಟಿ ಪೂರ್ತಿ ಇಳಿದಿರುವಾಗ ನೋಡಿ. ತೊಟ್ಟಿ ಮೇಲಿದ್ದಾಗ ಎಣ್ಣೆ ಜಾಕಿಯಲ್ಲಿರುತ್ತದೆ. ಆಗ ಕಡಿಮೆ ಇದೆ ಎಂದು ಸುರಿದರೆ ಇಳಿಸುವಾಗ ಟ್ಯಾಂಕ್ ಉಕ್ಕಿ ಹರಿಯುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ನೊರೆ ಬಂದಿದ್ದರೆ ಗಾಳಿ ಸೇರುತ್ತಿದೆ.

ಇನ್ನು ಪಂಪಿಗೆ ಎಣ್ಣೆ ಎಳೆದುಕೊಳ್ಳುವ ದಾರಿ. ನನ್ನ ಅನುಭವದಲ್ಲಿ ಹೊಸ ಪಂಪುಗಳನ್ನು ಕೊಲ್ಲುವುದು ಇದೇ ದಾರಿ. ಟ್ಯಾಂಕಿನ ಕೆಳಗೆ ಒಂದು ಗೇಟ್ ವಾಲ್ವ್ ಇರುತ್ತದೆ. ಪಂಪ್ ಬಿಚ್ಚುವಾಗ ಎಣ್ಣೆ ಸುರಿಯಬಾರದೆಂದು ಅದನ್ನು ಮುಚ್ಚುತ್ತಾರೆ. ಹೊಸ ಪಂಪ್ ಹಾಕಿ ತೆರೆಯುವುದನ್ನು ಮರೆಯುತ್ತಾರೆ. ಎಣ್ಣೆಯಿಲ್ಲದೆ ತಿರುಗಿದ ಪಂಪ್ ಸ್ವಲ್ಪ ಹೊತ್ತಿನಲ್ಲೇ ಒಳಗಿಂದ ಗೀರಿಕೊಂಡು ಹಾಳಾಗುತ್ತದೆ. ಆಮೇಲೆ "ಡೂಪ್ಲಿಕೇಟ್ ಪಂಪ್ ಕೊಟ್ರು" ಎಂದು ಅಂಗಡಿಯವರ ಜೊತೆ ಜಗಳ.

ಎಳೆಯುವ ಹೋಸ್ ಒಳಗೆ ತಂತಿ ಸುರುಳಿ ಇರಬೇಕು. ತಂತಿ ಇಲ್ಲದ ಸಾದಾ ಪೈಪ್ ಹಾಕಿದ್ದರೆ ಎಣ್ಣೆ ಬಿಸಿಯಾದಾಗ ಮೆತ್ತಗಾಗಿ ಒಳಕ್ಕೆ ಚಪ್ಪಟೆಯಾಗುತ್ತದೆ. ಬೆಳಗ್ಗೆ ತೊಟ್ಟಿ ಚೆನ್ನಾಗಿ ಏಳುತ್ತದೆ, ಮಧ್ಯಾಹ್ನ ಪಂಪಿನೊಳಗೆ ಜಲ್ಲಿ ಅಲ್ಲಾಡಿಸಿದಂತೆ ಗರಗರ ಸದ್ದು ಬರುತ್ತದೆ ಎಂದರೆ ಈ ಹೋಸನ್ನು ನೋಡಿ. ಕ್ಲಿಪ್ ಸಡಿಲವಿದ್ದರೆ ಅಲ್ಲಿಂದ ಎಣ್ಣೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಣಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಜಾಯಿಂಟಿನ ಮೇಲೆ ಸ್ವಲ್ಪ ಎಣ್ಣೆ ಸುರಿದು ನೋಡಿ. ಸದ್ದು ಕ್ಷಣಕಾಲ ಕಡಿಮೆಯಾದರೆ ಗಾಳಿ ನುಗ್ಗುತ್ತಿರುವುದು ಅಲ್ಲಿಂದಲೇ.

ಕ್ರಷರ್ ಗಾಡಿಗಳಲ್ಲಿ ಇದಕ್ಕಿಂತಲೂ ಸಾಮಾನ್ಯವಾದದ್ದು ಟ್ಯಾಂಕ್ ಬ್ರೀದರ್. ಎಂ-ಸ್ಯಾಂಡ್ ತುಂಬುವ ಜಾಗದಲ್ಲಿ ಹಿಟ್ಟಿನಂಥ ಪುಡಿ ಹಾರುತ್ತಲೇ ಇರುತ್ತದೆ. ಅದು ಎಣ್ಣೆ ಪಸೆ ಇರುವ ಬ್ರೀದರಿಗೆ ಅಂಟಿ ಗಟ್ಟಿಯಾಗುತ್ತದೆ. ಪಂಪ್ ಎಣ್ಣೆ ಎಳೆದಾಗ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಕಟ್ಟಿ ಪಂಪಿಗೆ ಎಣ್ಣೆ ಸಿಗುವುದಿಲ್ಲ. ತೊಟ್ಟಿ ಅರ್ಧ ಎದ್ದು ನಿಲ್ಲುತ್ತದೆ. ಆಗ ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ನುಗ್ಗಿ ತೊಟ್ಟಿ ಮತ್ತೆ ಏಳಲು ಶುರುಮಾಡಿದರೆ ದೋಷ ಸಿಕ್ಕಿತು. ಖರ್ಚು ಒಂದು ಬ್ರೀದರ್.

ಹೊಸ ಪಂಪ್ ಹಾಕಿದ ಮೇಲೇ ತೊಂದರೆ ಶುರುವಾಗಿದ್ದರೆ ಅದು ತಿರುಗಬೇಕಾದ ದಿಕ್ಕು ನೋಡಿ. ಪಂಪ್ ಮೈಮೇಲೆ ಬಾಣದ ಗುರುತು ಇರುತ್ತದೆ. ಉಲ್ಟಾ ದಿಕ್ಕಿನ ಪಂಪ್ ತೊಟ್ಟಿ ಎತ್ತುವುದಿಲ್ಲ, ಜೊತೆಗೆ ತನ್ನ ಶಾಫ್ಟ್ ಸೀಲನ್ನೂ ಹೊರಕ್ಕೆ ತಳ್ಳಿಬಿಡುತ್ತದೆ.

ಪಂಪೋ, ರಿಲೀಫ್ ವಾಲ್ವೋ?

ಇಲ್ಲಿಂದ ಮುಂದೆ ಗೇಜ್ ಇಲ್ಲದೆ ಕೆಲಸ ಮಾಡುವುದು ಕತ್ತಲಲ್ಲಿ ಕಲ್ಲು ಎಸೆದ ಹಾಗೆ. 0ಯಿಂದ 400 ಬಾರ್ ತೋರಿಸುವ ಒಂದು ಗೇಜ್, ಪಂಪಿನ ಹೊರದಾರಿಗೆ ಹಾಕಲು ಒಂದು ಟೀ ಜಾಯಿಂಟ್, ಇಷ್ಟು ಗ್ಯಾರೇಜಿನಲ್ಲಿ ಇರಲೇಬೇಕು. ಒತ್ತಡ ಮಿತಿ ಮೀರಿದಾಗ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ಬಿಡುವುದು ರಿಲೀಫ್ ವಾಲ್ವ್. ಟಿಪ್ಪರ್‌ಗಳಲ್ಲಿ ಅದರ ಸೆಟ್ಟಿಂಗ್ ಸಾಮಾನ್ಯವಾಗಿ 150ರಿಂದ 200 ಬಾರ್ ಆಸುಪಾಸು ಇರುತ್ತದೆ. ನಿಮ್ಮ ಗಾಡಿಗೆ ಎಷ್ಟು ಎಂದು ಜಾಕಿ ಕಂಪನಿಯ ಪ್ಲೇಟ್ ಅಥವಾ ಪುಸ್ತಕದಲ್ಲಿ ನೋಡಿ.

ಖಾಲಿ ತೊಟ್ಟಿ ಎತ್ತುವಾಗ ಗೇಜ್ ಅಷ್ಟು ಮೇಲೆ ಹೋಗುವುದಿಲ್ಲ, ಅದು ಸಹಜ. ಭಾರ ಇದ್ದಷ್ಟೇ ಒತ್ತಡ. ಗರಿಷ್ಠ ಒತ್ತಡ ನೋಡಲು ಮಾತ್ರ ಸಮತಟ್ಟು ನೆಲದಲ್ಲಿ ಲೋಡ್ ಇರುವ ತೊಟ್ಟಿಯನ್ನು ಎತ್ತಲು ಹೊರಡಿ, ಹತ್ತಿರ ಯಾರೂ ನಿಲ್ಲಬಾರದು. ಲೋಡ್ ಎತ್ತಲಾರದೆ ನಿಂತಿರುವ ಗಾಡಿಯಲ್ಲಿ ಮೂರು ನಾಲ್ಕು ಸೆಕೆಂಡ್ ಮಾತ್ರ ಹಿಡಿದು ಓದಿಕೊಳ್ಳಿ. ಜಾಸ್ತಿ ಹೊತ್ತು ಹಿಡಿದರೆ ಎಣ್ಣೆ ಕಾಯುತ್ತದೆ.

ಈಗ ಓದಿದ್ದನ್ನು ಬಿಡಿಸಿಕೊಳ್ಳೋಣ. ಐಡಲ್‌ನಲ್ಲಿ ಒಮ್ಮೆ, 1000ದಿಂದ 1200 ಆರ್‌ಪಿಎಂನಲ್ಲಿ ಒಮ್ಮೆ ಒತ್ತಡ ನೋಡಿ. ಎರಡರಲ್ಲೂ ಗೇಜ್ ಅದೇ ಕಡಿಮೆ ಅಂಕೆಗೆ ಬಂದು ನಿಂತರೆ, ಉದಾಹರಣೆಗೆ 90 ಬಾರ್, ಆಗ ರಿಲೀಫ್ ವಾಲ್ವ್ ಮೊದಲೇ ತೆರೆದುಕೊಳ್ಳುತ್ತಿದೆ. ಸ್ಪ್ರಿಂಗ್ ಸೋತಿರಬಹುದು, ಸೀಟಿನ ಕೆಳಗೆ ಕಸ ಸಿಕ್ಕಿರಬಹುದು. ಐಡಲ್‌ನಲ್ಲಿ ತೀರಾ ಕಡಿಮೆಯಿದ್ದು, ಆಕ್ಸಿಲರೇಟರ್ ಕೊಟ್ಟಷ್ಟೂ ಒತ್ತಡ ಏರುತ್ತಾ ಹೋದರೆ ಎಣ್ಣೆ ಒಳಗೊಳಗೇ ಹಿಂದಕ್ಕೆ ಜಾರುತ್ತಿದೆ. ಅಂದರೆ ಪಂಪ್ ಸವೆದಿದೆ. ಆಗ ಧೈರ್ಯವಾಗಿ ಪಂಪ್ ಬದಲಿಸಿ.

ಗೇಜ್ ಇಲ್ಲದವರು ಗಡಿಯಾರ ಹಿಡಿಯಬಹುದು. ಲೆಕ್ಕ ಸುಲಭ. ಪಂಪ್ ಒಂದು ಸುತ್ತಿಗೆ 80 ಸಿಸಿ ಎಣ್ಣೆ ತಳ್ಳುತ್ತದೆ, ನಿಮಿಷಕ್ಕೆ 1000 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ನಿಮಿಷಕ್ಕೆ 80 ಲೀಟರ್. ಜಾಕಿ ತುಂಬಲು 60 ಲೀಟರ್ ಬೇಕಿದ್ದರೆ 45 ಸೆಕೆಂಡ್. ಸಣ್ಣಪುಟ್ಟ ಸೋರಿಕೆ ಸೇರಿಸಿ 50 ಎನ್ನಿ. ಅದೇ ಆರ್‌ಪಿಎಂನಲ್ಲಿ ಒಂದೂವರೆ ನಿಮಿಷ ಹಿಡಿದರೆ ಅರ್ಧದಷ್ಟು ಎಣ್ಣೆ ಎಲ್ಲೋ ಕಳೆದುಹೋಗುತ್ತಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಪಂಪಿನ ಸುತ್ತು, ಎಂಜಿನ್ನಿನದ್ದಲ್ಲ. ನಡುವೆ ಪಿಟಿಒ ಅನುಪಾತ ಇದೆ. ಸ್ಪ್ಲಿಟರ್ (ಪ್ರತಿ ಗೇರನ್ನೂ ಹೈ, ಲೋ ಎಂದು ಎರಡು ಮಾಡುವ ಭಾಗ) ಇರುವ ಗೇರ್ ಬಾಕ್ಸ್ ಆದರೆ ಅದು ಹೈನಲ್ಲಿದೆಯೋ ಲೋನಲ್ಲಿದೆಯೋ ಎಂಬುದರ ಮೇಲೂ ವೇಗ ಬದಲಾಗುತ್ತದೆ. "ಮೊನ್ನೆಯಿಂದ ನಿಧಾನ ಆಗಿದೆ" ಎಂಬ ದೂರು ಕೆಲವೊಮ್ಮೆ ಆ ಗುಂಡಿಯಲ್ಲೇ ಮುಗಿಯುತ್ತದೆ.

ಎಣ್ಣೆ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಸಮಯ ಹಿಡಿಯಿರಿ. ಬಿಸಿಯಾದಾಗ ನಿಧಾನವಾದರೆ ಮೊದಲು ಆ ಎಳೆಯುವ ಹೋಸ್ ನೋಡಿ. ಅದು ಗಟ್ಟಿಯಿದ್ದರೆ ಪಂಪ್ ಅಥವಾ ವಾಲ್ವ್ ಸವೆತ. ತಣ್ಣಗಿದ್ದಾಗಲೇ ನಿಧಾನ, ಬಿಸಿಯಾದ ಮೇಲೆ ಪರವಾಗಿಲ್ಲ ಎಂದರೆ ಎಳೆಯುವ ದಾರಿಯ ಜಾಲರಿ ಕಟ್ಟಿದೆ, ಇಲ್ಲವೇ ಎಣ್ಣೆ ತೀರಾ ದಪ್ಪ. 68 ನಂಬರ್ ಎಣ್ಣೆ 46ಕ್ಕಿಂತ ದಪ್ಪ. ಕಂಪನಿ ಹೇಳಿದ ನಂಬರ್ ಹಾಕಿ.

ಈಗ ಒಂದು ಕೆಟ್ಟ ಅಭ್ಯಾಸದ ಬಗ್ಗೆ. ಓವರ್‌ಲೋಡ್ ಏಳಲಿಲ್ಲ ಎಂದು ರಿಲೀಫ್ ವಾಲ್ವಿನ ಸ್ಕ್ರೂ ಎರಡು ಸುತ್ತು ಬಿಗಿ ಮಾಡುವುದು. 80 ಸಿಸಿ ಪಂಪಿಗೆ 150 ಬಾರ್‌ನಲ್ಲಿ ಸುಮಾರು 190 ನ್ಯೂಟನ್ ಮೀಟರ್ ತಿರುಚು ಬಲ ಬೇಕು. 200 ಬಾರ್‌ಗೆ ಏರಿಸಿದರೆ ಅದು 255 ಆಗುತ್ತದೆ. ಆ ಬಲ ಆಕಾಶದಿಂದ ಬರುವುದಿಲ್ಲ, ಪಿಟಿಒ ಹಲ್ಲುಗಳ ಮೇಲಿಂದ ಬರುತ್ತದೆ. ಹಲ್ಲು ಮುರಿದರೆ ಆ ಚೂರು ಬೀಳುವುದು ಗೇರ್ ಬಾಕ್ಸಿನೊಳಕ್ಕೆ. ನೂರರ ರಿಪೇರಿ ಲಕ್ಷಕ್ಕೆ ಹೋಗುವುದು ಹೀಗೆ. ಎತ್ತಲು ಶುರು ಮಾಡುವಾಗಲೇ ಜಾಕಿಗೆ ಭಾರ ಅತಿ ಹೆಚ್ಚು. ಒದ್ದೆ ಎಂ-ಸ್ಯಾಂಡ್ ಕ್ಯಾಬಿನ್ ಕಡೆಗೆ ಗುಡ್ಡೆಯಾಗಿದ್ದರೆ ಒಳ್ಳೇ ಗಾಡಿಯೂ ಮುಲುಕುತ್ತದೆ.

ಇಳಿಯುವ ಮತ್ತು ಜಾರುವ ತೊಂದರೆಗಳು

ಎತ್ತಿ ಬಿಟ್ಟ ತೊಟ್ಟಿ ತಾನಾಗಿ ನಿಧಾನಕ್ಕೆ ಇಳಿಯುತ್ತಿದೆ, ಎಲ್ಲೂ ಎಣ್ಣೆ ಸೋರಿಲ್ಲ. ಒಂದೇ ಕಡೆ ಒತ್ತಡ ಪಡೆಯುವ ಟಿಪ್ಪರ್ ಜಾಕಿಯಲ್ಲಿ ಸೀಲ್ ಹೋದರೆ ಎಣ್ಣೆ ಹೊರಗೇ ಬರಬೇಕು. ಹೊರಗೆ ಬರದಿದ್ದರೆ ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ. ಅಂದರೆ ತೊಟ್ಟಿ ಎತ್ತಿ ಇಳಿಸುವ ಟಿಪ್ಪಿಂಗ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಜಾಕಿ ಇಳಿಸಬೇಡಿ.

ಪ್ರತಿ ಸಲವೂ ಅದೇ ಎತ್ತರದಲ್ಲಿ ತಡೆದು ನಿಂತು ಆಮೇಲೆ ಜರ್ಕ್ ಹೊಡೆದು ಏಳುತ್ತದೆ ಎಂದರೆ ಜಾಕಿಯ ಒಂದು ಹಂತ ಬಾಗಿರಬಹುದು. ಇಳಿಜಾರಿನಲ್ಲಿ ಲೋಡ್ ಸುರಿದ ಗಾಡಿಗಳಲ್ಲಿ ಇದು ಸಾಮಾನ್ಯ. ತೊಟ್ಟಿ ಇಳಿಯದಿದ್ದರೆ ಇಳಿಸುವ ವಾಲ್ವಿಗೆ ಗಾಳಿ ಬರುತ್ತಿದೆಯಾ, ಹಿಂದಿನ ಕೀಲಿನ ಪಿನ್‌ಗೆ ಗ್ರೀಸ್ ಇದೆಯಾ ನೋಡಿ. ಜೆಸಿಬಿ ಬಕೆಟ್‌ನಲ್ಲಿ ಒತ್ತಿ ಇಳಿಸಬೇಡಿ, ನೆಟ್ಟಗಿರುವ ಜಾಕಿಯೂ ಬಾಗುತ್ತದೆ.

ಸದ್ದು ಏನು ಹೇಳುತ್ತದೆ

ಪಿಟಿಒ ಹಾಕದೇ ಇದ್ದಾಗಲೂ ಕುಂಯ್ ಎಂದು ಸಿಳ್ಳೆಯಂಥ ಸದ್ದು ಬಂದರೆ ಪಿಟಿಒ ಗೇರ್ ಲೇ ಶಾಫ್ಟ್ ಗೇರಿಗೆ ತೀರಾ ಬಿಗಿಯಾಗಿ ಕೂತಿದೆ. ಐಡಲ್‌ನಲ್ಲಿ ಕಟಕಟ ಎಂದರೆ ಸಡಿಲ ಜಾಸ್ತಿ. ಎರಡು ಗೇರಿನ ಹಲ್ಲುಗಳ ನಡುವೆ ಸುಮಾರು 0.15ರಿಂದ 0.30 ಮಿ.ಮೀ. ಸಡಿಲ ಇರಬೇಕು. ಡಯಲ್ ಗೇಜ್‌ನಲ್ಲಿ ಅಳೆಯಬೇಕು. ಇದನ್ನು ಹೊಂದಿಸುವುದು ಪಿಟಿಒ ಮತ್ತು ಗೇರ್ ಬಾಕ್ಸ್ ನಡುವಿನ ಪ್ಯಾಕಿಂಗ್. 0.25 ಮಿ.ಮೀ. ದಪ್ಪದ ಪ್ಯಾಕಿಂಗ್ ಒಂದು ಸೇರಿಸಿದರೆ ಸಡಿಲ ಸುಮಾರು 0.15 ಮಿ.ಮೀ. ಹೆಚ್ಚುತ್ತದೆ. ಮೂರಕ್ಕಿಂತ ಜಾಸ್ತಿ ಪ್ಯಾಕಿಂಗ್ ಒಟ್ಟಿದರೆ ಎಣ್ಣೆ ಸೋರುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಪ್ಯಾಕಿಂಗ್ ಬದಲು ಸುಮ್ನೆ ಸಿಲಿಕಾನ್ ಹಚ್ಚಿ ಬಿಗಿದವರ ಗಾಡಿ ಸಿಳ್ಳೆ ಹಾಕಿಕೊಂಡೇ ಬರುತ್ತದೆ.

ಪಿಟಿಒ ಹಾಕಿದಾಗ ಮಾತ್ರ ನಡುಕ ಬಂದರೆ ಜಾಯಿಂಟ್ ಶಾಫ್ಟ್ ನೋಡಿ. ಅದರ ಕೀಲಿನ ಕ್ರಾಸ್ ಸವೆದಿರಬಹುದು. ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ನೇರಕ್ಕೆ ಇರಬೇಕು. ಬಿಚ್ಚಿ ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ನಡುಕ ಬರುತ್ತದೆ. ಪಂಪ್ ನೇರ ಕೂತಿರುವ ಗಾಡಿಯಲ್ಲಿ ಜೋಡಣೆಯ ಬಳಿ ಕೆಂಪು ತುಕ್ಕಿನ ಪುಡಿ ಕಂಡರೆ ಶಾಫ್ಟಿನ ಗೀರುಗಳು (ಒಂದಕ್ಕೊಂದು ಹಿಡಿದು ತಿರುಗಿಸುವ ಸ್ಪ್ಲೈನ್ ಹಲ್ಲುಗಳು) ಸವೆಯುತ್ತಿವೆ. ಪೂರ್ತಿ ಸವೆದ ದಿನ ಪಿಟಿಒ ತಿರುಗುತ್ತದೆ, ಪಂಪ್ ನಿಂತಿರುತ್ತದೆ.

ಗೇರ್ ಬಾಕ್ಸ್ ಎಣ್ಣೆ ತಾನಾಗಿ ಜಾಸ್ತಿಯಾಗುತ್ತಿದ್ದರೆ, ಹೈಡ್ರಾಲಿಕ್ ಟ್ಯಾಂಕ್ ಇಳಿಯುತ್ತಿದ್ದರೆ ಸಂತೋಷಪಡಬೇಡಿ. ಪಂಪಿನ ಶಾಫ್ಟ್ ಸೀಲ್ ಹೋಗಿ ಆ ಎಣ್ಣೆ ಗೇರ್ ಬಾಕ್ಸ್ ಸೇರುತ್ತಿದೆ. ಹೈಡ್ರಾಲಿಕ್ ಎಣ್ಣೆ ಗೇರ್ ಎಣ್ಣೆಯ ಕೆಲಸ ಮಾಡುವುದಿಲ್ಲ. ಸೀಲ್ ಬದಲಿಸಿ, ಗೇರ್ ಎಣ್ಣೆಯನ್ನೂ ಪೂರ್ತಿ ಬದಲಿಸಿ.

ಬೇರೆ ಗಾಡಿಗಳಲ್ಲಿ

ಟಿಪ್ಪರ್ ಪಿಟಿಒ ನಿಮಿಷ ಎರಡು ನಿಮಿಷ ಓಡಿ ನಿಲ್ಲುತ್ತದೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿ, ಚರಂಡಿ ಜೆಟ್ಟಿಂಗ್ ಗಾಡಿಗಳಲ್ಲಿ ಅದು ಗಂಟೆಗಟ್ಟಲೆ ಓಡುತ್ತದೆ. ಪ್ರತಿ 15 ನಿಮಿಷದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ಪೂರ್ತಿ ಭಾರದಲ್ಲಿ ಓಡಿದರೆ ಅದನ್ನು ನಿರಂತರ ಕೆಲಸ ಎಂದು ಲೆಕ್ಕ ಹಾಕಿ, ಪಿಟಿಒ ಸಾಮರ್ಥ್ಯವನ್ನು ಶೇಕಡ 70ಕ್ಕೆ ಇಳಿಸಿ ನೋಡುವುದು ವಾಡಿಕೆ. ಹಳೇ ಟಿಪ್ಪರಿನ ಪಿಟಿಒ ತೆಗೆದು ಸಕ್ಕಿಂಗ್ ಗಾಡಿಗೆ ಹಾಕಿದವರ ಬೇರಿಂಗ್ ಪದೇ ಪದೇ ಹೋಗುವುದು ಇದಕ್ಕೇ. ಬೇರಿಂಗ್ ಕಂಪನಿ ಬದಲಿಸಿ ಪ್ರಯೋಜನವಿಲ್ಲ.

ಈ ಗಾಡಿ ಬಿಎಸ್6 ಆಗಿದ್ದರೆ ಇನ್ನೊಂದು ಕಿರಿಕಿರಿ. ನಿಂತಲ್ಲೇ ಕಡಿಮೆ ಆರ್‌ಪಿಎಂನಲ್ಲಿ ಓಡಿದರೆ ಹೊಗೆ ಕೊಳವೆ ಸಾಕಷ್ಟು ಬಿಸಿಯಾಗುವುದಿಲ್ಲ. ಮಸಿ ಹಿಡಿಯುವ ಡಿಪಿಎಫ್ ಕಟ್ಟಿಕೊಂಡು ಎಂಜಿನ್ ಶಕ್ತಿ ಇಳಿಯುತ್ತದೆ. ವ್ಯಾಕ್ಯೂಮ್ ಎಳೆಯುತ್ತಿಲ್ಲ ಎಂಬ ದೂರಿನ ಹಿಂದೆ ಇದೂ ಇರಬಹುದು. ಡ್ಯಾಶ್‌ಬೋರ್ಡಿನ ಡಿಪಿಎಫ್ ದೀಪ ನೋಡಿ. ಗಾಡಿ ನಿಲ್ಲಿಸಿ ಆ ಮಸಿ ಸುಡಿಸುವಾಗ ಸೈಲೆನ್ಸರ್ ಕೆಳಗೆ ಒಣಹುಲ್ಲು ಇರಬಾರದು.

ಕಾಂಕ್ರೀಟ್ ಮಿಕ್ಸರ್ ಲಾರಿಯ ಕಥೆ ಬೇರೆ. ಗೇರ್ ಬದಲಿಸುವಾಗಲೂ ಡ್ರಮ್ ನಿಲ್ಲಬಾರದು. ಹಾಗಾಗಿ ಅದರ ಪಿಟಿಒ ಕ್ಲಚ್‌ಗಿಂತ ಮೊದಲೇ, ಎಂಜಿನ್ ಫ್ಲೈವೀಲ್ ಕಡೆಯಿಂದ ಬರುತ್ತದೆ. ಕೆಲವಕ್ಕೆ ಡ್ರಮ್ಮಿಗೇ ಪ್ರತ್ಯೇಕ ಎಂಜಿನ್ ಇರುತ್ತದೆ. ಅಲ್ಲಿ ಕ್ಲಚ್ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ.

ಪಿಟಿಒ ಬಿಚ್ಚಿ ಮತ್ತೆ ಕೂರಿಸಿದ ಮೇಲೆ

ಗೇರ್ ಬಾಕ್ಸ್ ಎಣ್ಣೆ ಮಟ್ಟ ಮತ್ತೆ ನೋಡಿ, ಪಿಟಿಒ ತನ್ನ ಪಾಲು ಕುಡಿದಿರುತ್ತದೆ. ಪಂಪಿನ ಗೀರುಗಳಿಗೆ ಗ್ರೀಸ್ ಹಚ್ಚಿ. ಪಂಪಿನೊಳಗೆ ಸ್ವಲ್ಪ ಎಣ್ಣೆ ಹಾಕಿ, ಟ್ಯಾಂಕಿನ ಗೇಟ್ ವಾಲ್ವ್ ತೆರೆದಿದೆಯಾ ಕೈಯಿಂದ ಮುಟ್ಟಿ ನೋಡಿ, ಆಮೇಲೇ ಎಂಜಿನ್ ಶುರು ಮಾಡಿ. ಮೊದಲ ಎರಡು ಮೂರು ಸಲ ಖಾಲಿ ತೊಟ್ಟಿಯನ್ನು ಐಡಲ್‌ನಲ್ಲೇ ಎತ್ತಿ ಇಳಿಸಿ, ಒಳಗಿನ ಗಾಳಿ ಹೋಗಲಿ. ಒಂದು ವಾರ ಓಡಿದ ಮೇಲೆ ಪಿಟಿಒ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ಬಿಗಿ ಮಾಡಿಸಿ. ಗಾಡಿ ಟ್ರಿಪ್ಪಿನಲ್ಲಿದೆ, ಮುಂದಿನ ವಾರ ನೋಡೋಣ ಎಂದು ಡ್ರೈವರ್ ಹೇಳುತ್ತಾನೆ. ಆದರೂ ಕರೆಸಿ.